ಎರಡನೇ ಭಾಗ ಕೇಳಿ ಬಂದವರು

ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಮಾರುವವರ ಪುಸ್ತಕಗಳ ಹುಚ್ಚು ನನಗೆ ಹತ್ತಿದ್ದು ಬಸ್ಸಿನಲ್ಲಿ. ನನ್ನ ಮನೆ ರಾಯಚೂರಿನಲ್ಲಿ, ನಾನು ಪಾಠ ಮಾಡುವ ಶಾಲೆ ಮಾನ್ವಿಯಲ್ಲಿ. ಒಂದು ದಿನ ಪಕ್ಕದ ಸೀಟಿನಲ್ಲಿದ್ದ ನಿವೃತ್ತ ಕಂಡಕ್ಟರ್ ಒಬ್ಬರು ಚೀಲದಿಂದ ತಮ್ಮದೇ ಪತ್ತೇದಾರಿ ಕಾದಂಬರಿ ತೆಗೆದು ಕೈಗಿಟ್ಟರು. ಕೊಲೆಗಾರ ಯಾರೆಂದು ಅರ್ಧ ಪುಸ್ತಕದೊಳಗೇ ಗೊತ್ತಾಗುತ್ತಿತ್ತು. ಆದರೂ ದಾರಿಯ ಕಲ್ಲೂರು ದಾಟಿದ್ದು ತಿಳಿಯದಂತೆ ಓದಿದೆ.

ಆಮೇಲೆ ಹುಡುಕಿ ಹುಡುಕಿ ಓದತೊಡಗಿದೆ. ಲಾರಿ ಚಾಲಕರೊಬ್ಬರ ದೆವ್ವದ ಕಥೆಗಳು. ಇಬ್ಬರು ಗೆಳತಿಯರು ಸೇರಿ ಬರೆದು ವಾರಕ್ಕೊಂದು ಅಧ್ಯಾಯದಂತೆ ಫೋನಿಗೆ ಕಳಿಸುತ್ತಿದ್ದ ಪ್ರೇಮಕಥೆ. ಔಷಧಿ ಅಂಗಡಿಯವರೊಬ್ಬರ ಮಂಗಳ ಗ್ರಹದ ಕಾದಂಬರಿ. ಅದರಲ್ಲಿ ಅಲ್ಲಿನವರೂ ಜೋಳದ ರೊಟ್ಟಿ ತಿನ್ನುತ್ತಿದ್ದರು. ಕಾಗುಣಿತ ತಪ್ಪಿರುತ್ತಿತ್ತು, ಪುಟಗಳು ಅದಲುಬದಲಾಗಿರುತ್ತಿದ್ದವು. ಆದರೆ ಯಾರನ್ನೋ ಮೆಚ್ಚಿಸುವ ಅಳುಕು ಅಲ್ಲಿರಲಿಲ್ಲ. ನನ್ನಂಥ ಕೆಲವರನ್ನು ಸೇರಿಸಿ ಫೋನಿನಲ್ಲೊಂದು ಓದುಗರ ಗುಂಪು ಮಾಡಿದೆ. ಓದಿದ್ದನ್ನೆಲ್ಲ ಅಲ್ಲಿ ಬರೆಯುತ್ತಿದ್ದೆ.

ದೇವದುರ್ಗದಲ್ಲಿ ಝೆರಾಕ್ಸ್ ಅಂಗಡಿ ನಡೆಸುವ ಮಹಿಳೆಯೊಬ್ಬರ ಕಾದಂಬರಿ ನನಗೆ ಸಿಕ್ಕಿದ್ದೂ ಹಾಗೆಯೇ. ಆಕೆಯೂ ನಮ್ಮ ಗುಂಪಿನವರೇ, ಆದರೆ ಸುಳ್ಳು ಹೆಸರಿನಲ್ಲಿ ಬರೆದಿದ್ದರು. ಪ್ರತಿಯನ್ನು ತಾವೇ ತಂದುಕೊಟ್ಟಿದ್ದರಿಂದ ಬರೆದವರು ಯಾರೆಂದು ಗುಂಪಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೃಷ್ಣೆಯ ದಂಡೆಯ ಒಂದು ಹಳ್ಳಿ. ಕದ್ದು ಉಸುಕು ಸಾಗಿಸುವ ಟಿಪ್ಪರ್‌ನ ಚಾಲಕ ಧಣಿಗಳ ಜೊತೆ ಜಗಳಾಡುತ್ತಾನೆ, ಮರುದಿನ ಕಾಣೆಯಾಗುತ್ತಾನೆ. ಅವನನ್ನು ಹಾಳುಬಿದ್ದ ಪಂಪ್‌ಹೌಸಿನ ಹಿಂದೆ, ಉಸುಕು ತೆಗೆದ ತಗ್ಗಿನಲ್ಲಿ ಹೂತಿದ್ದಾರೆ ಎಂದು ಓದುಗರಿಗೆ ತಿಳಿಯುವಲ್ಲಿಗೆ ಮೊದಲ ಭಾಗ ಮುಗಿಯುತ್ತದೆ.

ಓದಿ ಮೈ ಜುಮ್ಮೆಂದಿತು. "ಇದು ಕಟ್ಟಿದ ಕಥೆಯಲ್ಲ, ಎಲ್ಲೋ ನಡೆದದ್ದೇ ಇರಬೇಕು. ನಮ್ಮ ಹೊಳೆದಂಡೆ ಬಲ್ಲವರು ಓದಲೇಬೇಕು" ಎಂದು ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಹೊಗಳಿಕೆಗೆಂದು ಬರೆದ ಮಾತು. ಅದು ನನ್ನ ಹೆಸರು, ನಂಬರಿನ ಸಮೇತ ಗುಂಪಿನಿಂದ ಗುಂಪಿಗೆ ಹೋಯಿತು.

ವಾರದ ನಂತರ ಅಪರಿಚಿತ ನಂಬರಿನಿಂದ ಫೋನ್ ಬಂತು. ಗಂಡಸಿನ ದನಿ, ಬಹಳ ಮರ್ಯಾದೆಯದು.

"ಮೇಡಂರೀ, ನೀವು ಬರದದ್ದು ಓದಿದ್ವಿ. ಆ ಪುಸ್ತಕ ಹತ್ತು ಬೇಕಾಗಿದ್ವು. ಬರದವ್ರು ಎಲ್ಲಿ ಸಿಗ್ತಾರ್ರೀ?"

ಹತ್ತು ಪ್ರತಿ! ಖುಷಿಯಲ್ಲಿ ಅಂಗಡಿಯ ಗುರುತನ್ನೆಲ್ಲ ಹೇಳಿಬಿಟ್ಟೆ. ಹೆಸರು ಕೇಳಬೇಕೆಂದೂ ಹೊಳೆಯಲಿಲ್ಲ.

ಎರಡನೇ ಭಾಗ ಬರಬೇಕಿದ್ದ ತಿಂಗಳು ಕಳೆಯಿತು. ಆಕೆ ಗುಂಪು ಬಿಟ್ಟರು, ಫೋನ್ ಎತ್ತಲಿಲ್ಲ. ಒಂದು ಭಾನುವಾರ ದೇವದುರ್ಗಕ್ಕೆ ಹೋದೆ. ಹಾಡುಹಗಲಲ್ಲೇ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದಾಗ ಆಕೆ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಹಿಂದಿನ ರಸ್ತೆಯನ್ನು.

"ಒಬ್ಬರ ಬಂದೀರೇನ್ರೀ?"

ಹೌದೆಂದೆ. ಕೂರಲು ಸ್ಟೂಲ್ ಕೊಟ್ಟು, ದನಿ ತಗ್ಗಿಸಿ ಹೇಳಿದರು.

"ಇಬ್ಬರು ಬಂದಿದ್ರು. ಬೈಲಿಲ್ಲ, ಹೊಡೀಲಿಲ್ಲ. ತಾವ ಚಾ ತರಿಸಿ ನನಗೂ ಕೊಟ್ರು. ಪಂಪ್‌ಹೌಸಿನ ಮಾತು ನಿಮಗ ಯಾರು ಹೇಳಿದ್ರು ಅಂತ ಕೇಳಿದ್ರು. ಅದಷ್ಟ. ಒಂದ ಮಾತು, ಮೂರು ಸಲ."

"ಯಾರು ಹೇಳಿದ್ದು?"

"ಯಾರೂ ಇಲ್ರೀ! ಹೊಳಿ ದಂಡಿಗಿ ಆ ಪಂಪ್‌ಹೌಸಿನ ಹತ್ರ ಒಂಟಿ ಚಪ್ಪಲಿ ಬಿದ್ದದ್ದು ನೋಡಿದ್ದೆ. ಉಳಿದದ್ದೆಲ್ಲ ಇಲ್ಲೇ ಕುಂತು ಕಟ್ಟಿದ್ದು. ಬರಿಯುಮುಂದ ಅದು ಸುಳ್ಳ ಇತ್ತು. ಅವರು ಬಂದು ಕೇಳಿದ ಮ್ಯಾಲ ಖರೆ ಆಗ್ಯಾದ."

ಅಂಗಡಿಯ ಗುರುತು ಹೇಳಿದವಳು ನಾನೇ ಎಂದೆ.

"ಗೊತ್ತದ. ನಿಮ್ಮ ಹೆಸರು ಹೇಳೇ ಒಳಗ ಬಂದ್ರು" ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಉಳಿದಿದ್ದ ಪ್ರತಿಗಳನ್ನೆಲ್ಲ ಆ ಇಬ್ಬರು ಕಟ್ಟು ಕಟ್ಟಿಸಿಕೊಂಡು ಒಯ್ದಿದ್ದರಂತೆ, ಪೂರ್ತಿ ದುಡ್ಡು ಕೊಟ್ಟೇ. ಹೋಗುವಾಗ ಒಬ್ಬ ಹೇಳಿದ್ದ: "ಎರಡನೇ ಭಾಗ ಯಾಕ ಬೇಕ್ರಿ ಅಕ್ಕಾರ, ಕಥಿ ಇಲ್ಲಿಗೇ ಚೊಲೊ ಅದ."

ಅಂದಿನಿಂದ ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಶಾಲೆಯ ಮುಂದೆ ಟಿಪ್ಪರ್ ನಿಂತರೆ ಅದು ಹೋಗುವವರೆಗೂ ಪಾಠ ತಪ್ಪುತ್ತಿತ್ತು. ಹೆಚ್ಚಿನವು ಕಟ್ಟಡದ ಕೆಲಸಕ್ಕೆ ಬಂದವೇ ಇರಬೇಕು. ಆದರೂ ಅವುಗಳ ನಂಬರುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೆ.

ಮಳೆಗಾಲದಲ್ಲಿ ಆಕೆಯೇ ಫೋನ್ ಮಾಡಿದರು. "ಮೇಡಂರೀ, ಈಗಿಂದೀಗ ಬರ್ರಿ." ಹೋದಾಗ ಅಂಗಡಿಯಲ್ಲಿ ಕೂಲಿ ಕೆಲಸದ ಹೆಂಗಸೊಬ್ಬಳು ನೆಲದ ಮೇಲೆ ಕೂತಿದ್ದಳು. ಹೊಳೆದಂಡೆಯ ಹಳ್ಳಿಯವಳು. ಮಡಿಲಲ್ಲಿ ಆ ಪುಸ್ತಕ, ಓದಿಸಿ ಓದಿಸಿ ಮೂಲೆಗಳು ಸವೆದಿದ್ದವು. ಗಂಡ ಟಿಪ್ಪರ್ ಓಡಿಸುತ್ತಿದ್ದ. ಒಂದು ವರ್ಷದ ಹಿಂದೆ ಹೋದವನು ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆಂದು ಧಣಿಗಳು ಹೇಳಿದ್ದರು. ನಂಬಿದ್ದಳು. ನೆರೆಮನೆಯವರು ಪುಸ್ತಕ ಓದಿ ಹೇಳಿದ ದಿನದಿಂದ ಅವಳಿಗೆ ನಿದ್ದೆಯಿಲ್ಲ. ಆ ಪುಸ್ತಕದ ಕಟ್ಟುಗಳನ್ನು ಈ ಅಂಗಡಿಯಿಂದ ಒಯ್ದರೆಂಬ ಸುದ್ದಿ ಹಿಡಿದು ಹುಡುಕಿಕೊಂಡು ಬಂದಿದ್ದಳು.

ನನ್ನನ್ನೇ ಬರೆದವಳೆಂದು ತಿಳಿದು ಕೈ ಹಿಡಿದುಕೊಂಡಳು. "ಯವ್ವಾ, ಮುಂದಿನ ಪುಸ್ತಕದಾಗ ಅಂವ ಸಿಗ್ತಾನೇನು?"

ಅಂಗಡಿಯಾಕೆ ಎದ್ದು, ಝೆರಾಕ್ಸ್ ಯಂತ್ರದಿಂದ ಬಿಳಿ ಹಾಳೆ ತೆಗೆದುಕೊಂಡು ದೂರು ಬರೆಯಲು ಕೂತರು. ಒಂದೊಂದು ಸಾಲಿಗೂ ಪೆನ್ನು ಎತ್ತಿ, "ಇದು ಖರೇ ಅದನಾ ಅವ್ವಾ? ನೀನು ಕಣ್ಣಾರೆ ಕಂಡಿದ್ದಷ್ಟ ಹೇಳು" ಎಂದು ಕೇಳುತ್ತಿದ್ದರು. ತಾವೇ ಬರೆದ ಒಂದು ವಾಕ್ಯ ಚೆನ್ನಾಗಿದೆ ಅನ್ನಿಸಿದ್ದಕ್ಕೇ ಹೊಡೆದುಹಾಕಿದರು. ಚಾ ತರಿಸಿದ ಇಬ್ಬರ ಚಹರೆ ಆಕೆ ಬರೆದರು. ನನಗೆ ಬಂದ ಫೋನ್ ನಂಬರನ್ನು ನಾನು ಸೇರಿಸಿದೆ. ಮೂವರೂ ಠಾಣೆಗೆ ಹೋಗಿ ಕೊಟ್ಟು, ಸ್ವೀಕೃತಿ ಪಡೆದು ಬಂದೆವು.

ತನಿಖೆ ಶುರುವಾಗಿದೆ. ಆದರೆ ದೂರು ಕೊಟ್ಟ ವಾರವೇ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ತುಂಬಿ ಬಂತು. ನೀರಿಳಿದ ಮೇಲೆ ಪೊಲೀಸರಿಗೆ ಸ್ಥಳ ತೋರಿಸಲು ನಾವೂ ಹೋಗಿದ್ದೆವು. ಪಂಪ್‌ಹೌಸಿನ ಹಿಂದೆ ತಗ್ಗುಗಳೇ ಇರಲಿಲ್ಲ. ಹೊಸ ಉಸುಕು ಸಮನಾಗಿ ಹಾಸಿಕೊಂಡಿತ್ತು, ಒಂದು ಹೆಜ್ಜೆಗುರುತೂ ಇಲ್ಲದೆ. ಅವಳು ಅದರ ಮೇಲೆ ಕಾಲಿಡಲೊಲ್ಲದೆ ದಡದಲ್ಲೇ ನಿಂತುಬಿಟ್ಟಳು.