ನಮ್ಮ ಮನೆಯ ಬ್ಯಾಕ್ಟೀರಿಯಾ ಪೊಲೀಸು

ನನ್ನ ಮೊಮ್ಮಗಳು ಸೂಕ್ಷ್ಮಾಣು ವಿಜ್ಞಾನಿ. ಊಟದಿಂದ ಹರಡುವ ಕಾಯಿಲೆಗಳ ಬ್ಯಾಕ್ಟೀರಿಯಾ ಹಿಡಿಯುವುದೇ ಅವಳ ಕಸುಬು. ಅವಳು ಅಡುಗೆಮನೆಗೆ ಕಾಲಿಟ್ಟರೆ ಹಳಸಿದ ಅನ್ನ ತಾನೇ ಎದ್ದು ಹಿತ್ತಿಲ ದಾರಿ ಹಿಡಿಯುತ್ತದೆ; ಸುಳ್ಳೆನ್ನುವವರು ಅವಳ ಅಜ್ಜಿಯನ್ನು ಕೇಳಬಹುದು. "ತಾತ, ಕೈ ತೊಳೆದ್ರಾ?" ಎನ್ನುತ್ತಾಳೆ. "ನೀನು ಹುಟ್ಟೋಕೆ ಮುಂಚಿಂದ ತೊಳೀತಿದೀನಿ ಕಣೇ" ಅಂದರೆ, "ಇವತ್ತು ತೊಳೆದ್ರಾ ಅಂತ ಕೇಳ್ದೆ" ಎನ್ನುತ್ತಾಳೆ. ನೆಂಟರ ಮನೆಗೆ ಹೋದರೆ ತಟ್ಟೆಗಿಂತ ಮೊದಲು ತಟ್ಟೆ ಒರೆಸಿದ ಬಟ್ಟೆಯನ್ನು ನೋಡುತ್ತಾಳೆ, ಹಾಗಾಗಿ ನಮ್ಮನ್ನು ಊಟಕ್ಕೆ ಕರೆಯುವವರೇ ಕಡಿಮೆಯಾಗಿದ್ದಾರೆ. ಪ್ರಯೋಗಾಲಯದಲ್ಲಿ ಮಾತ್ರ ಅದೇ ಬ್ಯಾಕ್ಟೀರಿಯಾಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಚ್ಚಗಿಟ್ಟು, ಉಣಿಸಿ, ಬಾಣಂತನ ಮಾಡುತ್ತಾಳೆ. ಹೊಸ ಅಳಿಯನಾಗಿದ್ದಾಗಲೂ ನನಗೆ ಅಷ್ಟು ಉಪಚಾರ ಸಿಕ್ಕಿರಲಿಲ್ಲ. ಈಚೆಗೆ ಒಂದು ಹಾಸ್ಟೆಲಿನ ಹುಡುಗಿಯರು ಊಟ ಮಾಡಿ ಆಸ್ಪತ್ರೆ ಸೇರಿದಾಗ ಎಲ್ಲರೂ ಅಡುಗೆಯಮ್ಮನ ಕಡೆ ಬೆರಳು ತೋರಿಸಿದರು, ಕೆಲಸದಿಂದ ತೆಗೆಯಲೂ ಹೊರಟರು. ಇವಳು ಆಕೆಯ ಕೈ, ಸೌಟು, ನೀರು ಎಲ್ಲವನ್ನೂ ಪರೀಕ್ಷಿಸಿ, ತಪ್ಪು ಮಹಡಿಯ ಮೇಲಿನ ಬಿರುಕುಬಿಟ್ಟ ನೀರಿನ ತೊಟ್ಟಿಯದು ಎಂದು ತೋರಿಸಿಕೊಟ್ಟಳು. ತೊಟ್ಟಿ ಬದಲಾಯಿತು, ನೀರು ಪರೀಕ್ಷೆಯಲ್ಲಿ ಪಾಸಾಯಿತು, ಒಲೆ ಮತ್ತೆ ಹೊತ್ತಿತು, ಆದರೆ ಯಾರೂ ತಟ್ಟೆ ಮುಟ್ಟಲಿಲ್ಲ. ಅಡುಗೆಯಮ್ಮ ಸೌಟು ಹಿಡಿದು ನಿಂತೇ ಇದ್ದಳಂತೆ. ಆಗ, ಸ್ವಂತ ತಾತನ ಕೈಯನ್ನೂ ನಂಬದ ಈ ಹುಡುಗಿ ಎಲ್ಲರ ಎದುರು ಮೊದಲು ಕೂತು, ಬಡಿಸಿದ್ದನ್ನೆಲ್ಲ ಉಂಡು, ಖಾಲಿ ತಟ್ಟೆಯನ್ನು ಮುಂದೆ ಚಾಚಿ, "ಅಮ್ಮಾ, ನಂಗೆ ಇನ್ನೊಂದು ಸೌಟು ಹಾಕಿ" ಅಂದಳಂತೆ.