ಹಿಡಿದ ಕೈ ಬಾರದೆ ಬಿಚ್ಚದ ಹೊಲಿಗೆ

ಬೆಳಗಿನ ಐದೂಕಾಲು. ಕುಮಾಸಿ ನಗರದ ಸುವಾಮೆ ಗ್ಯಾರೇಜು ಬಡಾವಣೆಯಲ್ಲಿ ಇನ್ನೂ ಒಂದು ಸುತ್ತಿಗೆಯೂ ಬಾಯಿ ಬಿಟ್ಟಿಲ್ಲ. ಬಾನೆಟ್ ತೆರೆದುಕೊಂಡು ಮಲಗಿದ ಲಾರಿಗಳ ಸಾಲಿನ ಕೊನೆಗೆ, ಬಾಡಿಗೆಗೆ ಜನರನ್ನು ಸಾಗಿಸುವ ಒಂದು ಟ್ರೋಟ್ರೋ ವ್ಯಾನು. ಅದರ ಎಡಗಡೆಯ ಡ್ರೈವರ್ ಸೀಟಿನಲ್ಲಿ ಅಬೆನಾ ಪೊಮಾ ಕೂತಿದ್ದಾರೆ. ಕಾಲು ಕ್ಲಚ್ಚಿಗೆ ಎಟುಕುತ್ತಿಲ್ಲ, ಎಟುಕಬೇಕಾಗಿಯೂ ಇಲ್ಲ. ಎರಡು ಕೈಯಲ್ಲಿ ಎರಡು ಸೂಜಿ, ಹಲ್ಲಿನ ನಡುವೆ ಮೇಣ ತಿಕ್ಕಿದ ದಾರ. ಒದ್ದೆ ತೊಗಲನ್ನು ಸ್ಟೀರಿಂಗಿನ ಸುತ್ತ ಎಳೆದು, ಎಡ ಸೂಜಿಯನ್ನು ಬಲಕ್ಕೆ, ಬಲ ಸೂಜಿಯನ್ನು ಎಡಕ್ಕೆ ದಾಟಿಸಿ, ಚಕ್ರವನ್ನು ಎದೆಗೆ ಒತ್ತಿಕೊಂಡು ದಾರ ಬಿಗಿಯುತ್ತಾರೆ. ಪ್ರತಿ ಹೊಲಿಗೆಗೂ ಮೂಗಿನಿಂದ ಒಂದು ಸಣ್ಣ ಹೂಂಕಾರ.

ಪಕ್ಕದ ಸೀಟಿನಲ್ಲಿ ವ್ಯಾನಿನ ಡ್ರೈವರ್ ಆಕಳಿಸುತ್ತಾನೆ.

"ಅಕ್ಕಾ, ಇನ್ನೆಷ್ಟು ಹೊತ್ತು?"

"ನಿನ್ನ ಮದುವೆ ಎಷ್ಟು ಹೊತ್ತು ನಡೀತು?"

"ಎರಡು ದಿನ."

"ಹಾಗಾದ್ರೆ ಸುಮ್ನೆ ಮಲಕ್ಕೊ. ನಿನ್ನ ಹೆಂಡತಿ ಕೈಗಿಂತ ಇದನ್ನೇ ನೀನು ಜಾಸ್ತಿ ಹಿಡಿಯೋದು."

ಪೊಮಾಗೆ ಐವತ್ತೆರಡು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಒಂದು ಚಕ್ರಕ್ಕೆ ತೊಂಬತ್ತಾರು ಜೋಡಿ ತೂತು, ಮೂರು ಗಂಟೆಯ ಹೊಲಿಗೆ, ದಿನಕ್ಕೆ ಎರಡು ಚಕ್ರ. ಎಡಗೈ ತೋರುಬೆರಳಿನ ತುದಿಯಲ್ಲಿ ಚರ್ಮವೇ ಬೆರಳುಕವಚವಾಗಿ ಗಟ್ಟಿಯಾಗಿದೆ. ಅಲ್ಲಿ ಸೂಜಿ ಚುಚ್ಚಿದರೂ ಅವರಿಗೆ ತಿಳಿಯುವುದಿಲ್ಲ. ಈ ಊರಿನ ಟ್ರೋಟ್ರೋಗಳ ಹಿಂದಿನ ಗಾಜಿನ ಮೇಲೆ ಬರೆಸಿದ ಮಾತುಗಳನ್ನು ಫೋಟೊ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಒಳಗೆ ಬಗ್ಗಿ, ದಿನಕ್ಕೆ ಹದಿನಾಲ್ಕು ಗಂಟೆ ಒಂದು ಜೋಡಿ ಕೈ ಹಿಡಿದುಕೊಂಡಿರುವ ವಸ್ತುವನ್ನು ಯಾರು ಹೊಲಿದರು ಎಂದು ಈವರೆಗೆ ಒಬ್ಬನೂ ಕೇಳಿಲ್ಲ.

ಸೂಜಿ ಹಿಡಿಯಲು ಅವರಿಗೆ ಯಾರೂ ಕಲಿಸಲಿಲ್ಲ. ಸೋದರಮಾವ ದೊರೆಗಳ ಕಾಲಿಗೆ ಚಪ್ಪಲಿ ಹೊಲಿಯುವವರು. ಹುಡುಗಿ ಪೊಮಾಗೆ ಅಲ್ಲಿ ಸಿಕ್ಕಿದ್ದು ದಾರಕ್ಕೆ ಮೇಣ ತಿಕ್ಕುವ ಕೆಲಸ ಮಾತ್ರ. ಹೆಣ್ಣು ಹೊಲಿದ ಚಪ್ಪಲಿಯನ್ನು ದೊರೆ ಹೇಗೆ ಮೆಟ್ಟುವುದು ಎಂದು ಮಾವ ಕೇಳುತ್ತಿದ್ದರಂತೆ. "ಮೇಣ ತಿಕ್ಕೋಳಿಗೆ ಕಣ್ಣಿರಲ್ವಾ? ನೋಡಿ ನೋಡಿ ಕಲ್ತೆ," ಎನ್ನುತ್ತಾರೆ ಪೊಮಾ. "ದೊರೆ ಕಾಲು ಬೇಡ ಅಂದ್ರು. ಡ್ರೈವರ್ ಕೈ ಹಿಡ್ಕೊಂಡೆ. ಯಾವುದು ಜಾಸ್ತಿ ದುಡಿಯುತ್ತೆ, ನೀವೇ ಹೇಳಿ."

ಎದುರುಗಡೆ ಫ್ರಿಂಪಾಂಗ್‌ನ ಅಂಗಡಿಯಲ್ಲಿ ಇಲ್ಲಿನ ದುಡ್ಡಲ್ಲಿ ಅರವತ್ತು ಸೀಡಿಗೆ ಸಿದ್ಧ ಕವರ್ ಸಿಗುತ್ತದೆ. ರಬ್ಬರಿನದು, ಎಳೆದು ಹಾಕಿಕೊಂಡರೆ ಮುಗಿಯಿತು. ಮಧ್ಯಾಹ್ನದ ಬಿಸಿಲಿಗೆ ಅದು ಸಡಿಲಾಗಿ, ಅರ್ಜೆಂಟಿಗೆ ಚಕ್ರ ತಿರುಗಿಸಿದಾಗ ಕವರ್ ಮಾತ್ರ ತಿರುಗಿ ಚಕ್ರ ಇದ್ದಲ್ಲೇ ಇರುತ್ತದೆ. ಪೊಮಾ ಹೊಲಿದ ಆಡಿನ ತೊಗಲಿಗೆ ಇನ್ನೂರ ಇಪ್ಪತ್ತು. ಕೊಳ್ಳಲು ಬಂದವರು ಮೊದಲು ಅಂಗೈ ಚಾಚಬೇಕು. ಮೇಷ್ಟರ ಮುಂದೆ ಏಟಿಗೆ ಕೈಯೊಡ್ಡಿದ ಮಕ್ಕಳ ಹಾಗೆ ಗಡ್ಡದ ಆಳುಗಳು ಅವರ ಮುಂದೆ ನಿಲ್ಲುತ್ತಾರೆ. ಬೆವರುವ ಕೈಗೆ ಒರಟು ಮೈಯ ತೊಗಲು, ಗಿಡ್ಡ ಬೆರಳಿಗೆ ತೆಳು ತೊಗಲು. ಝೊಂಗೊ ಕೇರಿಯ ಹದ ಮಾಡುವವರು ತಂದು ಹಾಕಿದ ತೊಗಲುಗಳನ್ನು ಮೂಸಿ ಆರಿಸುತ್ತಾರೆ. ಚಕ್ರದ ಸುತ್ತಳತೆಗಿಂತ ಎರಡು ಬೆರಳು ಕಡಿಮೆ ಕತ್ತರಿಸಿ, ಉಗುರುಬಿಸಿ ನೀರಿನಲ್ಲಿ ನೆನೆಸಿ, ಒದ್ದೆಯಿದ್ದಾಗಲೇ ಎಳೆದು ಹೊಲಿಯುತ್ತಾರೆ. ಒಣಗುತ್ತ ಒಣಗುತ್ತ ತೊಗಲು ಚಕ್ರವನ್ನು ಅಪ್ಪಿಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆಯಲು ದಾರಿ ಒಂದೇ: ಬ್ಲೇಡು.

ಬ್ಲೇಡಿನ ವಿಷಯಕ್ಕೆ ಬಂದರೆ ಪೊಮಾ ಬೇರೆಯೇ ಹೆಂಗಸು.

ಈ ಊರಿನ ಡ್ರೈವರುಗಳಲ್ಲಿ ಒಂದು ರೂಢಿ. ಒಬ್ಬ ಹಿಡಿದ ತೊಗಲನ್ನು ಇನ್ನೊಬ್ಬ ಹಿಡಿಯುವುದಿಲ್ಲ. ವ್ಯಾನು ಯಜಮಾನನದು, ಗಾಜಿನ ಮೇಲಿನ ಮಾತು ಯಜಮಾನನದು, ದಿನದ ವಸೂಲಿಯೂ ಯಜಮಾನನದು. ತೊಗಲೊಂದು ಮಾತ್ರ ಡ್ರೈವರ್ ತನ್ನ ದುಡ್ಡಲ್ಲಿ ಹೊಲಿಸಿಕೊಂಡದ್ದು. ಡ್ರೈವರ್ ಬದಲಾದರೆ ತೊಗಲು ಬದಲಾಗಬೇಕು. ಹಾಗಾಗಿ ಒಬ್ಬ ಡ್ರೈವರನ ಕೆಲಸ ಹೋದದ್ದು ಅವನಿಗಿಂತ ಮೊದಲು ಪೊಮಾಗೆ ಗೊತ್ತಾಗುತ್ತದೆ.

ಮೊದಮೊದಲು ಯಜಮಾನರು ಹೇಳಿದ ಹಾಗೆ ಪೊಮಾ ಬಿಚ್ಚಿಕೊಡುತ್ತಿದ್ದರು. ಒಂದು ದಿನ ಹೊಸ ತೊಗಲು ಹೊಲಿದು ಮುಗಿಸುವ ಹೊತ್ತಿಗೆ ಹಳೆಯ ಡ್ರೈವರ್ ವ್ಯಾನು ಹುಡುಕಿಕೊಂಡು ಬಂದ. ಬಾಗಿಲು ತೆಗೆದು ಹತ್ತಿ ಕೂತ. ಎಂದಿನಂತೆ ಚಕ್ರದ ಮೇಲೆ ಕೈಯಿಟ್ಟ; ಕೈಗೆ ಸಿಕ್ಕಿದ್ದು ತನ್ನ ತೊಗಲಲ್ಲ. "ಆತ ನನ್ನ ಬೈಲಿಲ್ಲ. ಬೈದಿದ್ರೆ ನಂಗೆ ನಿದ್ದೆ ಬರ್ತಿತ್ತು." ಕದ್ದು ತೊಗಲು ಬಿಚ್ಚಿಸಿದ್ದಾರೆ ಅಂದಮೇಲೆ ಈತ ವಸೂಲಿಗೆ ಕೈ ಹಾಕಿರಬೇಕು, ಇಲ್ಲ ಕುಡಿದಿರಬೇಕು ಎಂದು ಬಸ್ ನಿಲ್ದಾಣದಲ್ಲಿ ಮಾತು ಹಬ್ಬಿತು. ಮತ್ತೆ ಯಾರೂ ಆತನಿಗೆ ಚಕ್ರ ಕೊಡಲಿಲ್ಲ. ಸಂತೆಯಲ್ಲಿ ಕೈಗಾಡಿ ತಳ್ಳುತ್ತಲೇ ಆತ ಮುದುಕನಾದ. ಅವತ್ತಿನಿಂದ ಪೊಮಾರ ಕಟ್ಟಳೆ ಒಂದೇ. ಹಿಡಿದ ಕೈ ಬಂದು ಪಕ್ಕದಲ್ಲಿ ನಿಲ್ಲಬೇಕು. ಮೊದಲ ಹೊಲಿಗೆಯನ್ನು ಆ ಕೈಯೇ ಕತ್ತರಿಸಬೇಕು.

ಈ ಮಂಗಳವಾರ ಆ ಕಟ್ಟಳೆಯ ಬೆಲೆ ಎಷ್ಟೆಂದು ನೋಡುವ ದಿನ ಬಂದಿದೆ.

ಮೊದಲ ವ್ಯಾನಿನ ಹೊಲಿಗೆ ಮುಗಿಯುತ್ತಿದ್ದಂತೆ, ಆರು ಗಂಟೆಗೆ, ಆಂಟ್ವಿ ಯಜಮಾನರು ತಮ್ಮ ಬಿಳಿ ವ್ಯಾನನ್ನು ತಾವೇ ಓಡಿಸಿಕೊಂಡು ಬರುತ್ತಾರೆ. ಮೂರು ವ್ಯಾನುಗಳ ಒಡೆಯ; ಮೂರಕ್ಕೂ ಪೊಮಾರದೇ ಹೊಲಿಗೆ. ಈ ಬಿಳಿ ವ್ಯಾನನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿರುವವರು ಕ್ವಾಜೊ ಬಡು.

"ಪೊಮಾ, ಒಂಬತ್ತರೊಳಗೆ ಮುಗಿಸ್ಕೊಡಮ್ಮ. ಹಳೇದು ಬಿಚ್ಚಿ ಹೊಸದು ಹಾಕು. ನಮ್ಮ ಅಕ್ಕನ ಮಗ ಕ್ವಾಕು ಇನ್ಮೇಲೆ ಓಡಿಸ್ತಾನೆ."

"ಬಡು ಎಲ್ಲಿ?"

"ಬಡು ಯಾಕೆ? ವ್ಯಾನ್ ನಂದು."

"ವ್ಯಾನ್ ನಿಮ್ದೇ. ನಾನೇನು ವ್ಯಾನ್ ಬಿಚ್ತಿದ್ದೀನಾ?"

"ಅವನ ಕೈ ಸೋತಿದೆ ಕಣಮ್ಮ. ತೂಕಡಿಸ್ತಾನೆ ಅಂತ ಜನ ಹೇಳ್ತಾರೆ."

"ಯಾವ ಜನ?"

"ಜನ ಅಂದ್ರೆ ಜನ."

"ಅವರಿಗೂ ಒಂದೊಂದು ಲೋಟ ಗಂಜಿ ತರಿಸ್ಲಾ? ಇಲ್ಲೇ ಬಂದು ಕೂತು ಹೇಳ್ಲಿ."

ಆಂಟ್ವಿ ಸರಸರನೆ ಎದುರಿನ ಅಂಗಡಿಗೆ ನಡೆಯುತ್ತಾರೆ. ಫ್ರಿಂಪಾಂಗ್ ಅಲಸಂದೆ ವಡೆ ತಿನ್ನುತ್ತಿದ್ದಾನೆ. ತೊಗಲಿನ ಮೇಲೆ ತನ್ನ ಕವರ್ ಕೂರುವುದಿಲ್ಲ, ಜಾರುತ್ತದೆ ಎನ್ನುತ್ತಾನೆ. ಹಾಗಾದರೆ ನೀನೇ ಬಿಚ್ಚು ಎಂದರೆ, ವಡೆ ನುಂಗಿ, "ನನ್ನ ಬ್ಲೇಡು ಮೊಂಡಾಗಿದೆ ಯಜಮಾನ್ರೆ," ಎನ್ನುತ್ತಾನೆ. ಎಂದವನು ಅವರೆದುರೇ ಅದೇ ಬ್ಲೇಡಿನಿಂದ ಸರಕಿನ ಹಗ್ಗವನ್ನು ಕಚಕ್ಕನೆ ಕತ್ತರಿಸುತ್ತಾನೆ. ಪೊಮಾರಿಗೂ ಅವನಿಗೂ ಗಿರಾಕಿಗಳ ವಿಷಯದಲ್ಲಿ ದಿನಬೆಳಗಾದರೆ ಜಗಳ. ಬ್ಲೇಡಿನ ವಿಷಯದಲ್ಲಿ ಇಲ್ಲ.

ಆಂಟ್ವಿ ವಾಪಸ್ ಬರುತ್ತಾರೆ. "ನೆನಪಿಟ್ಕೊ ಪೊಮಾ. ನನ್ನ ಮೂರೂ ವ್ಯಾನ್ ಇನ್ಮೇಲೆ ಈ ಕಡೆ ಮುಖ ಹಾಕಲ್ಲ."

"ಆಯ್ತು," ಎನ್ನುತ್ತಾರೆ ಪೊಮಾ. ಆಮೇಲೆ ಫೋನು ತೆಗೆಯುತ್ತಾರೆ. "ಬಡು, ನಿನ್ನ ವ್ಯಾನ್ ನನ್ನ ಹತ್ರ ಇದೆ. ಬಾ."

ಏಕೆ ಎಂದು ಬಡು ಕೇಳುವುದಿಲ್ಲ. ಆ ಮಾತಿನ ಅರ್ಥ ತಿಳಿಯದ ಡ್ರೈವರ್ ಈ ಊರಿನಲ್ಲಿಲ್ಲ.

ಬೇರೆ ಯಾರೂ ಬಿಚ್ಚಿಕೊಡದ್ದರಿಂದ ಆಂಟ್ವಿ ಅಲ್ಲೇ ಕಾಯುತ್ತಾರೆ. ಅರ್ಧ ಗಂಟೆಗೆ ಬಡು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬರುತ್ತಾರೆ.

"ಏನೋ ಇದು, ಇಷ್ಟೊಂದು ಸಿಂಗಾರ?"

"ಸಾವಿಗೆ ಹೋಗುವಾಗ ಒಳ್ಳೇ ಅಂಗಿ ಹಾಕ್ಬೇಕಲ್ಲಕ್ಕ."

ಅಷ್ಟು ಹೊತ್ತಿಗೆ ಸುವಾಮೆ ಎದ್ದಿದೆ. ವೆಲ್ಡಿಂಗಿನವರು, ಟೈರಿನವರು, ಆಚೀಚೆಯ ಏಳೆಂಟು ಡ್ರೈವರುಗಳು ಬಂದು ನಿಲ್ಲುತ್ತಾರೆ. ಪೊಮಾ ಬ್ಲೇಡನ್ನು ಬಡು ಕೈಗೆ ಕೊಡುತ್ತಾರೆ. ಬಡು ಚಕ್ರವನ್ನೊಮ್ಮೆ ಹಿಡಿದು, ಬಿಟ್ಟು, ಮೊದಲ ಹೊಲಿಗೆ ಕತ್ತರಿಸುತ್ತಾರೆ. ಉಳಿದ ತೊಂಬತ್ತೈದನ್ನು ಪೊಮಾ ಕತ್ತರಿಸಿ, ತೊಗಲನ್ನು ಸುಲಿದು, ಬಾನೆಟ್ಟಿನ ಮೇಲೆ ಉದ್ದಕ್ಕೆ ಹಾಸುತ್ತಾರೆ. ಆರು ವರ್ಷ ಹಿಡಿದ ತೊಗಲು.

"ಯಜಮಾನ್ರೆ, ಇಲ್ಲಿ ಬನ್ನಿ. ತೂಕಡಿಸೋನ ತೊಗಲು ಕೆಳಗಡೆ ಸವೆದಿರುತ್ತೆ. ಕೈ ಜಾರಿ ಜಾರಿ ಮಡಿಲಿಗೆ ಬಂದಿರುತ್ತಲ್ಲ, ಅದಕ್ಕೆ. ಇಲ್ಲಿ ಕೆಳಗಡೆ ನೋಡಿ. ನಾನು ಹೊಲಿದ ದಿನದ ಬಣ್ಣ ಹಾಗೇ ಇದೆ." ಅವರ ಗಟ್ಟಿ ಬೆರಳು ಮೇಲಕ್ಕೆ ಸರಿಯುತ್ತದೆ. "ಇದು ಎಡಗೈ. ಕಪ್ಪಗೆ, ಕನ್ನಡಿ ಥರ ಆಗಿದೆ. ಇದು ಬಲಗೈ. ಗೇರಿಗೆ ಹೋಗಿ ಹೋಗಿ ಬರೋ ಕೈ ಅಲ್ವಾ, ಸವೆತ ಸ್ವಲ್ಪ ಕಮ್ಮಿ. ಆದ್ರೆ ಪ್ರತಿ ಸಲ ವಾಪಸ್ ಎಲ್ಲಿಗೆ ಬಂದಿದೆ? ಇದೇ ಜಾಗಕ್ಕೆ. ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ. ಆರು ವರ್ಷ. ಈಗ ಹೇಳಿ, ಯಾವ ಕೈ ಸೋತಿದೆ?"

ಆಂಟ್ವಿ ತೊಗಲು ನೋಡುತ್ತಾರೆ. ಜನರನ್ನು ನೋಡುತ್ತಾರೆ. ಬಡುವನ್ನು ಮಾತ್ರ ನೋಡುವುದಿಲ್ಲ.

"ನಮ್ಮಕ್ಕ ದಿನಾ ಮನೆಗೆ ಬಂದು ಕೂರ್ತಾಳೆ," ಎನ್ನುತ್ತಾರೆ ಕೊನೆಗೆ. "ಅಳಿಯನಿಗೆ ಒಂದು ದಾರಿ ಮಾಡು ಅಂತ. ನಾನೇನ್ ಮಾಡ್ಲಿ? ಬಡುದು ಏನೂ ತಪ್ಪಿಲ್ಲ."

"ಕೇಳಿಸ್ಲಿಲ್ಲ ಯಜಮಾನ್ರೆ. ಸುವಾಮೆಯಲ್ಲಿ ಸದ್ದು ಜಾಸ್ತಿ."

"ಬಡುದು ಏನೂ ತಪ್ಪಿಲ್ಲ ಅಂದೆ." ಈ ಸಲ ಟೈರಿನ ಅಂಗಡಿಯವರೆಗೂ ಕೇಳಿಸುತ್ತದೆ.

ಇದು ಅಳಿಯಸಂತಾನದ ನಾಡು. ಅಕ್ಕನ ಮಗನಿಗೆ ಕೊಡುವುದನ್ನು ಇಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಆದರೆ ಕೊಡುವುದು ಚೆಂದ ಕಾಣಲೆಂದು ದುಡಿದವನ ಕೈಗೆ ಮಸಿ ಬಳಿಯುವುದು ಇದೆಯಲ್ಲ, ಅದು ಶುದ್ಧ ಕಳ್ಳತನ. ಹನ್ನೊಂದು ವರ್ಷದ ದುಡಿಮೆಯನ್ನು ವಸೂಲಿ ಮಾಡಿಕೊಂಡಾಯಿತು. ಉಳಿದದ್ದು ಹೆಸರೊಂದು, ಅದನ್ನೂ ಕಸಿದುಕೊಂಡು ಕಳಿಸುವ ಹುನ್ನಾರ. ಎಲ್ಲ ಊರಿನ ಒಡೆಯರೂ ಇದನ್ನು ಮಾಡುತ್ತಾರೆ. ಎಲ್ಲ ಊರಿನಲ್ಲೂ ಅದಕ್ಕೊಂದು ಬ್ಲೇಡು ಬೇಕು, ಬ್ಲೇಡು ಹಿಡಿಯಲು ಒಂದು ಬಡ ಕೈ ಬೇಕು. ಆ ಕೈ ಆಗುವುದಿಲ್ಲ ಎಂದರೆ ಹುನ್ನಾರ ಅಲ್ಲಿಗೇ ನಿಲ್ಲುತ್ತದೆ. ಯಾವ ಸಂಘದ ಸಭೆಯಲ್ಲೂ ಮಾತಾಡದ ಒಬ್ಬ ಹೆಂಗಸು ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಇದನ್ನೇ.

ಬಡು ಆಂಟ್ವಿಯವರ ಕಡೆ ತಿರುಗುತ್ತಾರೆ. "ಇದನ್ನ ನನ್ನ ಮುಖ ನೋಡ್ಕೊಂಡು ಹೇಳಿದ್ರೆ ನಾನೇ ಕೀಲಿ ಕೊಡ್ತಿದ್ದೆ ಯಜಮಾನ್ರೆ." ಆಮೇಲೆ, ಬಂದು ತಲೆತಗ್ಗಿಸಿ ನಿಂತ ಕ್ವಾಕುವನ್ನು ಹತ್ತಿರ ಕರೆಯುತ್ತಾರೆ. "ನೋಡಪ್ಪ, ಬ್ರೇಕ್ ಒತ್ತಿದ್ರೆ ಇವಳು ಎಡಕ್ಕೆ ಎಳೀತಾಳೆ. ಮಳೇಲಿ ಎರಡನೇ ಗೇರ್ ಹಠ ಮಾಡುತ್ತೆ, ಬೈಬೇಡ, ಇನ್ನೊಂದು ಸಲ ಕೇಳು." ಯುವಕ ತಲೆಯಾಡಿಸುತ್ತಾನೆ. ಪೊಮಾ ಅವನ ಅಂಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಒತ್ತಿ ನೋಡುತ್ತಾರೆ. "ಮೆತ್ತಗಿದೆ. ಪರ್ವಾಗಿಲ್ಲ, ಎಲ್ಲರದೂ ಮೊದಲು ಮೆತ್ತಗೇ ಇರುತ್ತೆ." ಅವನ ತೊಗಲನ್ನೂ ಅಷ್ಟೇ ಅಕ್ಕರೆಯಿಂದ ಆರಿಸಿ, ಅಷ್ಟೇ ಬಿಗಿಯಾಗಿ ಹೊಲಿಯುತ್ತಾರೆ. ಒಂಬತ್ತಕ್ಕೆ ಮುಗಿಯಬೇಕಾದದ್ದು ಹನ್ನೊಂದಕ್ಕೆ ಮುಗಿಯುತ್ತದೆ.

ಶನಿವಾರದ ಹೊತ್ತಿಗೆ ಬಡು ಬೇರೊಂದು ವ್ಯಾನು ತಂದಿದ್ದಾರೆ. ಟೆಚಿಮಾನ್ ಊರಿನ ದಾರಿಯಲ್ಲಿ ಓಡುವುದು, ಗೆಣಸಿನ ಸಗಟು ವ್ಯಾಪಾರ ಮಾಡುವ ಹೆಂಗಸೊಬ್ಬರದು. ಬಡುವನ್ನು ಯಾಕೆ ಬಿಡಿಸಿದರು ಎಂದು ಆಕೆ ನಿಲ್ದಾಣದಲ್ಲಿ ವಿಚಾರಿಸಿದ್ದರಂತೆ. ಯಜಮಾನನ ಅಳಿಯ ಬಂದ, ಅಷ್ಟೇ, ಎಂದು ಮೂರು ಮಂದಿ ಒಂದೇ ಉತ್ತರ ಕೊಟ್ಟರಂತೆ. ಹಳೆಯ ತೊಗಲನ್ನೇ ಈ ಚಕ್ರಕ್ಕೆ ಹಾಕಲು ಆಗುತ್ತದೆಯೇ ಎಂದು ಬಡು ಕೇಳುತ್ತಾರೆ.

"ಆಗಲ್ಲ. ಅದು ಆ ಚಕ್ರಕ್ಕೆ ಒಣಗಿದ್ದು. ಕೈ ತೋರ್ಸು, ಹೊಸದು ಹೊಲೀತೀನಿ."

"ನನ್ನ ಕೈ ನಿಂಗೆ ಗೊತ್ತಿಲ್ವಾ?"

"ನಾಲ್ಕು ದಿನ ಖಾಲಿ ಇದ್ದ ಕೈ. ನೋಡ್ಬೇಕು."

ಆಂಟ್ವಿಯವರ ಉಳಿದೆರಡು ವ್ಯಾನು ಈ ವಾರ ಬಂದಿಲ್ಲ. ಬರುವುದೂ ಇಲ್ಲ ಎಂದು ಪೊಮಾಗೆ ಗೊತ್ತು. ವರ್ಷಕ್ಕೆ ನಾಲ್ಕೈದು ಚಕ್ರ ಹೀಗೆ ಕೈತಪ್ಪುತ್ತವೆ. ಹಾಗೆ ಕೈತಪ್ಪಿದ ತಿಂಗಳು ಮನೆಯಲ್ಲಿ ಮೀನು ಚಿಕ್ಕದಾಗುತ್ತದೆ ಎಂದು ನಗುತ್ತಾರೆ, ದೂರುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಸೂಜಿಗೆ ದಾರ ಪೋಣಿಸುತ್ತ ನಿಲ್ದಾಣದ ಕಡೆ ಗದ್ದ ಎತ್ತುತ್ತಾರೆ. ಅಲ್ಲಿ ಡ್ರೈವರುಗಳ ಸಂಘದ ಗೋಡೆಯ ಮೇಲೆ ನಿಯಮಗಳ ಹಲಗೆಯೊಂದಿದೆ. ಕುಡಿಯಬಾರದು, ಸರತಿ ಮುರಿಯಬಾರದು ಎಂದೆಲ್ಲ ಬರೆದಿದೆ. ಅದರ ಕೆಳಗೆ ಜಾಗವೂ ಇದೆ.

"ಅಲ್ಲಿ ಒಂದು ಸಾಲು ಬರೆಸ್ಬೇಕು. ಡ್ರೈವರ್ ಪಕ್ಕದಲ್ಲಿ ಇಲ್ದೆ ತೊಗಲು ಬಿಚ್ಚಬಾರದು ಅಂತ. ನನ್ನ ಹೆಸರು ಗಿಸರು ಬೇಡ. ನಾನು ಹೋದ್ಮೇಲೂ ಬ್ಲೇಡ್ ಹಿಡಿಯೋರು ಇರ್ತಾರಲ್ಲ, ಅವರಿಗೆ ಆಗಲ್ಲ ಅನ್ನೋಕೆ ಧೈರ್ಯ ಸಾಲದೆ ಹೋದ್ರೆ, ಹಲಗೆ ಕಡೆ ಬೆರಳು ತೋರಿಸ್ಲಿ."