ದಂಡನಾಯಕನನ್ನು ಕ್ಷಮಿಸುವ ಮಾತು

ಕೋಲ್ಕತ್ತದ ನಮ್ಮ ಕನ್ನಡ ಸಂಘಕ್ಕಾಗಿ ನಾನು ಬರೆದ ನಾಟಕದಲ್ಲಿ ಹದಿನೆಂಟು ಸಾವುಗಳಿದ್ದವು. ಡೈರಿಯಲ್ಲಿ ಎಣಿಸಿಟ್ಟಿದ್ದೆ. ಸೈನಿಕರಾಗಲು ಸಿಕ್ಕ ಮಕ್ಕಳು ಆರೇ. ಸತ್ತವರೇ ಪರದೆಯ ಹಿಂದೆ ಎದ್ದು ಬಂದು ಇನ್ನೆರಡು ಸಲ ಸಾಯಬೇಕಿತ್ತು.

ಶತ್ರು ದಾಟಬಾರದೆಂದು, ತನ್ನವರು ಇನ್ನೂ ಆಚೆ ದಡದಲ್ಲಿರುವಾಗಲೇ ಸೇತುವೆ ಸುಡಿಸುವ ದಂಡನಾಯಕನ ಕಥೆ ಅದು. ಆ ಪಾತ್ರ ನನ್ನ ದೊಡ್ಡಪ್ಪನದು. ಸೈನ್ಯದಿಂದ ನಿವೃತ್ತರಾಗಿ ಇಲ್ಲಿಯ ಅಲಿಪುರದಲ್ಲಿ ನೆಲೆಸಿದ್ದರೂ ಧಾರವಾಡದ ಮಾತು ಬಿಟ್ಟವರಲ್ಲ.

ಮೊದಲ ತಾಲೀಮಿನಲ್ಲಿ ನಕ್ಕರು. "ಭಾಳ ಚಲೋ ಸೈನ್ಯ ನಿಂದು! ಸತ್ತವರು ಬಿಸ್ಕೀಟು ತಿಂದು ಮತ್ತ ಬರ್ತಾರ."

ಏಳನೆಯ ತಾಲೀಮು ಬುಧವಾರ. ಸೇತುವೆ ಸುಡುವ ಆಜ್ಞೆ ಕೊಡಲು ಕೈ ಎತ್ತಿದ ದೊಡ್ಡಪ್ಪ ಹಾಗೆಯೇ ನಿಂತುಬಿಟ್ಟರು. ಮರೆತರೆಂದುಕೊಂಡು ಬದಿಯಿಂದ ಮಾತು ಹೇಳಿಕೊಟ್ಟೆ. "ಗೊತ್ತೈತಿ" ಎಂದು ನನ್ನನ್ನು ಪಕ್ಕಕ್ಕೆ ಕರೆದರು.

"ಕಡೀಗೆ ಸತ್ತ ಹುಡುಗನ ತಾಯಿ ಇವನ್ನ ಕ್ಷಮಿಸ್ತಾಳಲ್ಲ, ಅದನ್ನ ತಗದುಬಿಡು."

"ಯಾಕೆ ದೊಡ್ಡಪ್ಪ? ಅವನಿಗೆ ಬೇರೆ ದಾರಿ ಇರಲಿಲ್ಲವಲ್ಲ."

"ಇರಲಿಲ್ಲ ಅಂತ ನಾನೂ ಅಂಥಾ ಒಬ್ಬ ತಾಯಿ ಮುಂದ ಕುಂತು ಹೇಳೇನಿ. ಆಕಿ ಕ್ಷಮಿಸೇನಿ ಅನ್ನಲಿಲ್ಲ. ಊಟಾ ಮಾಡ್ಕೊಂಡು ಹೋಗ್ರಿ ಅಂದ್ಲು. ಉಂಡು ಬಂದೆ."

"ಎಷ್ಟು ಜನ ಸತ್ತಿದ್ದರು?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವರು ತಿರುಗಿ ರಂಗದ ಕಡೆಗೆ ನಡೆದರು.

ಯುದ್ಧದ ಮಾತು ಬಂದಾಗಲೆಲ್ಲ ಅವರು ಎದ್ದು ಹೋಗುವುದನ್ನು ಕಂಡೇ ನಾನು ಆ ಕ್ಷಮೆಯನ್ನು ಬರೆದಿದ್ದೆ. ಅವರಿಗೆ ಹಗುರವಾಗಲಿ ಎಂದು.

ಮನೆಗೆ ಬಂದು ನನ್ನ ಬಳಿಯಿದ್ದ ಐದು ಪ್ರತಿಗಳಲ್ಲೂ ಆ ಮಾತು ಹೊಡೆದುಹಾಕಿದೆ. ಆದರೆ ಇನ್ನೆರಡು ಪ್ರತಿಗಳಿದ್ದವು. ಇಲ್ಲೇ ಬೆಳೆದ, ಕನ್ನಡ ಮಾತಾಡಬಲ್ಲ ಆದರೆ ಓದಲಾರದವರಿಗೆಂದು ಬಂಗಾಳಿ ಅಕ್ಷರದಲ್ಲಿ ಬರೆದುಕೊಟ್ಟವು. ಒಂದು, ತಾಯಿಯ ಪಾತ್ರದ ಸಾಲ್ಟ್ ಲೇಕ್ ಬಡಾವಣೆಯ ಹುಡುಗಿಯ ಬಳಿಯಿತ್ತು. ಪರೀಕ್ಷೆಯಿದ್ದುದರಿಂದ ಉಳಿದ ತಾಲೀಮುಗಳಿಗೆ ಅವಳು ಬರಲಿಲ್ಲ. ನನಗೂ ನೆನಪಾಗಲಿಲ್ಲ.

ಪ್ರದರ್ಶನದ ದಿನ ಅವಳು ದೊಡ್ಡಪ್ಪನ ತಲೆಯ ಮೇಲೆ ಕೈಯಿಟ್ಟು ಸ್ಪಷ್ಟವಾಗಿ ಹೇಳಿದಳು: "ನಿನ್ನನ್ನು ಕ್ಷಮಿಸಿದ್ದೇನೆ, ಮಗನೇ." ದೊಡ್ಡಪ್ಪ ಆ ಕೈಯನ್ನು ಮೆಲ್ಲಗೆ ತೆಗೆದಿಟ್ಟು, ಸಭೆಗೆ ಬೆನ್ನು ತಿರುಗಿಸಿ ಒಳಗೆ ನಡೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಣ್ಣದ ಕೋಣೆಯಲ್ಲಿ ನಾನು ಅಳುತ್ತಾ ಎಲ್ಲ ಹೇಳಿದೆ.

"ಇರ್ಲಿ ಬಿಡವಾ. ಬೇಕಂತ ಮಾಡಿದ್ದಲ್ಲಲ್ಲ" ಎಂದರು.

ಕ್ಷಮಿಸುವ ಮಾತು ತಾವೇ ಆಡಿದ್ದು ಆಗಷ್ಟೇ ಅವರ ಕಿವಿಗೆ ಬಿದ್ದಂತಿತ್ತು. ಆಮೇಲೆ ಕುರ್ಚಿಯಲ್ಲಿ ಕೂತು, ಎರಡೂ ಅಂಗೈ ಮೊಣಕಾಲ ಮೇಲಿಟ್ಟುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ.